ಕಣ್ಣಿಗೆ ಕಾಣದ ಕಾಯಿಲೆಯೂ ಕಾಯಿಲೆಯೇ

(ಜುಮಾ ಪ್ರವಚನದ ಸಾರಾಂಶ)

ಸರ್ವಸ್ತುತಿಯೂ ಅಲ್ಲಾಹನಿಗೆ. ಅವನ ಅಂತಿಮ ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬದವರ ಮತ್ತು ಸಹಾಬಿಗಳ ಮೇಲೆ ಅವನ ಕರುಣೆ ಹಾಗೂ ಶಾಂತಿ ಇರಲಿ.

ಸಹೋದರರೇ, ಶಅಬಾನ್ ತಿಂಗಳು ನಡೆಯುತ್ತಿದೆ. ಈ ದಿನಗಳಲ್ಲಿ ಮಿಂಬರಿನಿಂದ ರಮಝಾನಿನ ಸಿದ್ಧತೆಯ ಮಾತು ಬರುವುದು ರೂಢಿ. ಇಂದಿನ ವಿಷಯವೂ ಸಿದ್ಧತೆಯದ್ದೇ. ಆದರೆ ಇದು ನಮ್ಮ ಮನೆಗಳಲ್ಲಿ ಕೋವಿಡ್‌ನಿಂದ ವಾಸಿಯಾದರೂ ಪೂರ್ತಿ ಚೇತರಿಸಿಕೊಳ್ಳದೆ ಉಳಿದಿರುವ ರೋಗಿಗಳಿಗೆ ಸಂಬಂಧಿಸಿದ್ದು. ಇಲ್ಲಿ ಕೇಳಿದ್ದನ್ನು ಮನೆಗೆ ಹೋಗಿ ಹೆಂಗಸರಿಗೂ ಹೇಳಬೇಕೆಂದು ಮೊದಲೇ ಕೇಳಿಕೊಳ್ಳುತ್ತೇನೆ. ಏಕೆಂದರೆ ಈ ಕಾಯಿಲೆ ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು.

ಮೊದಲು ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದೆ ಹೇಳಬೇಕು. ಸಂಬಂಧಪಟ್ಟ ಮನೆಯವರ ಒಪ್ಪಿಗೆ ಪಡೆದಿದ್ದೇನೆ. ಹೆಸರು ಹೇಳುವುದಿಲ್ಲ, ನೀವೂ ಹುಡುಕಲು ಹೋಗಬೇಡಿ.

ಎರಡು ವರ್ಷದ ಹಿಂದೆ ಒಂದು ಮನೆಯ ಜಗಳ ಜಮಾಅತ್ ಕಮಿಟಿಯ ಮುಂದೆ ಬಂತು. ಸೊಸೆಗೆ ಮೂವತ್ತರ ಆಸುಪಾಸಿನ ವಯಸ್ಸು, ಎರಡು ಮಕ್ಕಳು. ಅತ್ತೆ ಹೇಳಿದರು: "ಹಜರತ್, ಇವಳಿಗೆ ಮನೆಗೆಲಸ ಅಂದರೆ ಆಗುವುದಿಲ್ಲ. ಮೊನ್ನೆ ನನ್ನ ಮಗಳ ಮನೆಯ ಅಖೀಖಾದಲ್ಲಿ ಬೆಳಗ್ಗೆಯಿಂದ ರಾತ್ರಿವರೆಗೆ ಎಲ್ಲರ ಜೊತೆ ನಗುನಗುತ್ತಾ ಕೆಲಸ ಮಾಡಿದಳು. ಮನೆಗೆ ಬಂದ ಮೇಲೆ ಮೂರು ದಿನ ಹಾಸಿಗೆ ಬಿಡಲಿಲ್ಲ. ಇದು ಕಾಯಿಲೆಯಾ, ನಾಟಕವಾ, ನೀವೇ ಹೇಳಿ." ಗಂಡ ಒಂದು ಕಟ್ಟು ಕಾಗದ ತಂದಿದ್ದ. ರಕ್ತ, ಎಕ್ಸ್‌ರೇ, ಇಸಿಜಿ, ಎಲ್ಲ ನಾರ್ಮಲ್. "ಸಾಲ ಮಾಡಿ ತೋರಿಸಿದೆ ಹಜರತ್, ಏನೂ ಇಲ್ಲ ಅಂದರು" ಎಂದ. ಆ ಹೆಣ್ಣುಮಗಳು ತಲೆ ತಗ್ಗಿಸಿ ಒಂದೇ ಮಾತು ಹೇಳಿದಳು: "ನಾನು ಸುಳ್ಳು ಹೇಳುತ್ತಿಲ್ಲ."

ಆಗ ನಾನೇನು ಮಾಡಿದೆ? ಸಬರ್ ಮಾಡು ಎಂದೆ. ಫಜ್ರ್‌ಗೆ ಎದ್ದು ಕುರ್‌ಆನ್ ಓದು, ಸೋಮಾರಿತನದಿಂದ ಅಲ್ಲಾಹನ ರಕ್ಷೆ ಬೇಡು, ಸ್ವಲ್ಪ ನಡೆದಾಡು, ಮೈ ಬಗ್ಗಿಸಿ ಕೆಲಸ ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂದೆ. ದುಆ ಓದಿ ನೀರು ಕೊಟ್ಟು ಕಳುಹಿಸಿದೆ. ದುಆ ಮಾಡಿದ್ದು ತಪ್ಪಲ್ಲ. ರೋಗಿಯನ್ನು ಏನೂ ಕೇಳದೆ ತೀರ್ಪು ಕೊಟ್ಟಿದ್ದು ತಪ್ಪು. ಹಜರತ್ ಅವರೇ ಸೋಮಾರಿ ಅಂದರಲ್ಲ ಎಂಬ ಮಾತು ಆ ಮನೆಯಲ್ಲಿ ದಿನವೂ ಆಕೆಯ ಕಿವಿಗೆ ಬೀಳುತ್ತಿತ್ತಂತೆ. ಎರಡು ತಿಂಗಳಲ್ಲಿ ಆಕೆ ತವರಿಗೆ ಹೋದಳು. ತಲಾಖಿನ ಮಾತು ಶುರುವಾಯಿತು.

ತವರಿನಲ್ಲಿ ಆಕೆಯ ಅಣ್ಣ ಸರ್ಕಾರಿ ಆಸ್ಪತ್ರೆಯ ವೈದ್ಯರೊಬ್ಬರ ಬಳಿ ಕರೆದುಕೊಂಡು ಹೋದರು. ಆ ವೈದ್ಯರು ಯಾರೂ ಕೇಳದ ಪ್ರಶ್ನೆ ಕೇಳಿದರು: "ಇದು ಶುರುವಾಗಿದ್ದು ಯಾವಾಗಮ್ಮ?" ಶುರುವಾಗಿದ್ದು 2021ರ ರಮಝಾನಿನಲ್ಲಿ, ಎರಡನೇ ಅಲೆಯ ಹೊತ್ತಿಗೆ. ಮನೆಯವರೆಲ್ಲ ಜ್ವರದಲ್ಲಿ ಮಲಗಿದ್ದಾಗ ಎಲ್ಲರಿಗೂ ಗಂಜಿ, ಕಷಾಯ ಮಾಡಿ ಕೊಟ್ಟವಳು ಈಕೆಯೇ. ಆಕೆಗೂ ನಾಲ್ಕು ದಿನ ಜ್ವರ ಬಂತು, ಒಂದು ತಿಂಗಳು ವಾಸನೆ ಗೊತ್ತಾಗಲಿಲ್ಲ. ಪರೀಕ್ಷೆಗೂ ಹೋಗಲಿಲ್ಲ, ಮಲಗಲೂ ಇಲ್ಲ. ಅಂದಿನಿಂದ ಆಕೆಯ ದೇಹ ಮೊದಲಿನಂತೆ ಆಗಲೇ ಇಲ್ಲ. ಉಳಿದವರು ವಾಸಿಯಾದರು. ಅವರ ಸೇವೆ ಮಾಡಿದವಳು ವಾಸಿಯಾಗಲಿಲ್ಲ.

ಅಬೂ ದಾವೂದ್ ಗ್ರಂಥದಲ್ಲಿ ಜಾಬಿರ್(ರ) ವರದಿ ಮಾಡಿದ ಒಂದು ಘಟನೆ ಇದೆ. ಪ್ರಯಾಣದಲ್ಲಿ ಒಬ್ಬರಿಗೆ ಕಲ್ಲು ಬಡಿದು ತಲೆಗೆ ಗಾಯವಾಯಿತು. ಅವರಿಗೆ ಸ್ನಾನ ಕಡ್ಡಾಯವಾಗುವ ಸ್ಥಿತಿ ಬಂತು. ತಯಮ್ಮುಮ್ ಮಾಡಬಹುದೇ ಎಂದು ಜೊತೆಗಾರರನ್ನು ಕೇಳಿದರು. ನೀರಿರುವಾಗ ನಿನಗೆ ಆ ರಿಯಾಯಿತಿ ಇಲ್ಲ ಎಂದರು ಅವರು. ಆ ವ್ಯಕ್ತಿ ಸ್ನಾನ ಮಾಡಿದರು, ತೀರಿಹೋದರು. ವಿಷಯ ತಿಳಿದ ಪ್ರವಾದಿ(ಸ)ರು ಬಹಳ ಕೋಪಗೊಂಡರು. ಆತನನ್ನು ಕೊಂದವರು ಅವರೇ ಎಂದರು. ಗೊತ್ತಿಲ್ಲದಿದ್ದರೆ ಕೇಳಬೇಕಿತ್ತು, ಅಜ್ಞಾನಕ್ಕೆ ಮದ್ದು ಕೇಳಿ ತಿಳಿಯುವುದೇ ಎಂಬ ಅರ್ಥದ ಮಾತು ಹೇಳಿದರು. ಈ ಹದೀಸನ್ನು ಮದ್ರಸದಲ್ಲಿ ತಯಮ್ಮುಮ್‌ನ ಅಧ್ಯಾಯದಲ್ಲಿ ಓದಿದ್ದೆ. ಅದು ನನ್ನಂಥವರ ಬಗ್ಗೆಯೂ ಇದೆ ಎಂದು ತಿಳಿಯಲು ಇಷ್ಟು ವರ್ಷ ಬೇಕಾಯಿತು.

ಆಮೇಲೆ ನಾನು ಕೇಳಿ ತಿಳಿದೆ. ನಮ್ಮ ಜಮಾಅತಿನ ವೈದ್ಯರೊಬ್ಬರ ಬಳಿ ಹಲವು ಸಂಜೆ ಕುಳಿತು ತಿಳಿದುಕೊಂಡದ್ದನ್ನು ನಿಮಗೆ ಒಪ್ಪಿಸುತ್ತಿದ್ದೇನೆ. ನಾನು ವೈದ್ಯನಲ್ಲ. ನನ್ನ ಮಾತು ನಿಮ್ಮನ್ನು ವೈದ್ಯರ ಬಾಗಿಲಿಗೆ ಮುಟ್ಟಿಸಿದರೆ ಸಾಕು.

ಇದು ಯಾವ ಕಾಯಿಲೆ?

ನಮ್ಮ ದೇಶದ ಮೊದಲ ಕೋವಿಡ್ ಸಾವು ನಮ್ಮದೇ ರಾಜ್ಯದ ಕಲಬುರಗಿಯವರದು, 2020ರ ಮಾರ್ಚ್‌ನಲ್ಲಿ. ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ ತಿಂಗಳಲ್ಲಿ ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ಘೋಷಿಸಿತು. ನಾವೂ ಮಾಸ್ಕ್ ತೆಗೆದೆವು, ಸಫ್‌ಗಳಲ್ಲಿ ಮತ್ತೆ ಭುಜಕ್ಕೆ ಭುಜ ತಾಗಿಸಿ ನಿಂತೆವು. ಆದರೆ ಕೆಲವರಿಗೆ ಆ ಕಾಯಿಲೆ ಮುಗಿಯಲಿಲ್ಲ. ಇದಕ್ಕೆ ಲಾಂಗ್ ಕೋವಿಡ್ ಎಂಬ ಹೆಸರು ಬಂದದ್ದೂ ರೋಗಿಗಳಿಂದಲೇ. 2020ರ ಮೇ ತಿಂಗಳಲ್ಲಿ ಇಟಲಿಯ ಪುರಾತತ್ವ ಸಂಶೋಧಕಿ ಎಲಿಸಾ ಪೆರೆಗೊ ತಮ್ಮದೇ ಸ್ಥಿತಿಯನ್ನು ಹೇಳಲು ಆ ಪದ ಬಳಸಿದರು. ವೈದ್ಯಲೋಕ ಅದನ್ನು ಒಪ್ಪಿ ವ್ಯಾಖ್ಯಾನ ಬರೆದದ್ದು ನಂತರ. 2021ರ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ವ್ಯಾಖ್ಯಾನ ಕೊಟ್ಟಿತು. ಅದೇ ತಿಂಗಳು ನಮ್ಮ ಕೇಂದ್ರ ಆರೋಗ್ಯ ಸಚಿವಾಲಯವೂ ಕೋವಿಡ್ ನಂತರದ ತೊಂದರೆಗಳ ಚಿಕಿತ್ಸೆಗೆ ಮಾರ್ಗಸೂಚಿ ಹೊರಡಿಸಿತು. ಆದ್ದರಿಂದ ಇಂಥ ಕಾಯಿಲೆಯೇ ಇಲ್ಲ ಎಂದು ಯಾರೂ ಹೇಳುವಂತಿಲ್ಲ.

ಆ ವ್ಯಾಖ್ಯಾನದ ಸಾರ ಇಷ್ಟು: ಕೋವಿಡ್ ಬಂದು ಸಾಮಾನ್ಯವಾಗಿ ಮೂರು ತಿಂಗಳಾದ ಮೇಲೂ ತೊಂದರೆಗಳಿರುತ್ತವೆ. ಅವು ಕನಿಷ್ಠ ಎರಡು ತಿಂಗಳು ಉಳಿಯುತ್ತವೆ. ಅವುಗಳಿಗೆ ಬೇರೆ ಕಾಯಿಲೆ ಕಾರಣವಲ್ಲ ಎಂದು ಕಂಡುಬಂದಿರುತ್ತದೆ. ಕೋವಿಡ್ ತಗುಲಿದ ನೂರು ಜನರಲ್ಲಿ ಸುಮಾರು ಆರು ಮಂದಿಗೆ ಹೀಗಾಗುತ್ತದೆ ಎಂಬುದು ಆ ಸಂಸ್ಥೆಯ ಅಂದಾಜು. ಆಸ್ಪತ್ರೆ ಸೇರಿದವರಿಗೆ ಅಪಾಯ ಹೆಚ್ಚು. ಆದರೆ ಮನೆಯಲ್ಲೇ ಎರಡು ದಿನ ಜ್ವರ ಬಂದು ಹೋದವರಿಗೂ ಇದು ಬರಬಹುದು. ಲಸಿಕೆ ಪಡೆದವರಲ್ಲಿ ಅಪಾಯ ಕಡಿಮೆ, ಆದರೆ ಪೂರ್ತಿ ಇಲ್ಲವೆಂದಲ್ಲ.

ಲಕ್ಷಣಗಳು ಹಲವು. ನಿದ್ದೆ ಮಾಡಿದರೂ ಹೋಗದ ಸುಸ್ತು. ಮೆಟ್ಟಿಲು ಹತ್ತಿದರೆ ಏದುಸಿರು. ತಲೆ ಮಂಕಾಗುವುದು, ಹೇಳಲು ಹೊರಟ ಪದವೇ ಮರೆಯುವುದು, ಲೆಕ್ಕ ತಪ್ಪುವುದು. ಎದ್ದು ನಿಂತರೆ ಎದೆ ಡವಡವ ಬಡಿದು ತಲೆ ತಿರುಗುವುದು. ಮೈಕೈ ನೋವು, ನಿದ್ರಾಭಂಗ, ವಾಸನೆ ರುಚಿ ತಿಳಿಯದಿರುವುದು. ಕೆಲವರಿಗೆ ಇವುಗಳಲ್ಲಿ ಒಂದೆರಡು, ಕೆಲವರಿಗೆ ಹತ್ತಾರು. ಒಂದು ವಾರ ಕಡಿಮೆಯಾಗಿ ಮತ್ತೊಂದು ವಾರ ಮರಳುವುದೂ ಉಂಟು.

ಕಾರಣಗಳ ಬಗ್ಗೆ ಸಂಶೋಧನೆ ನಡೆಯುತ್ತಿದೆ. ವೈರಸ್ಸಿನ ಅವಶೇಷ ದೇಹದಲ್ಲಿ ಉಳಿಯುವುದು, ರೋಗನಿರೋಧಕ ಶಕ್ತಿ ದಿಕ್ಕು ತಪ್ಪುವುದು, ಸಣ್ಣ ರಕ್ತನಾಳಗಳಿಗೆ ಹಾನಿಯಾಗುವುದು, ಎದೆಬಡಿತ ಮತ್ತು ರಕ್ತದೊತ್ತಡವನ್ನು ತಾನಾಗಿ ಹಿಡಿತದಲ್ಲಿಡುವ ನರಗಳು ಹದ ತಪ್ಪುವುದು, ಇವೆಲ್ಲವನ್ನೂ ವಿಜ್ಞಾನಿಗಳು ಪರಿಶೀಲಿಸುತ್ತಿದ್ದಾರೆ. ಇದನ್ನು ಖಚಿತವಾಗಿ ಹೇಳುವ ಒಂದೇ ಒಂದು ರಕ್ತಪರೀಕ್ಷೆ ಇಲ್ಲ. ರಿಪೋರ್ಟ್ ನಾರ್ಮಲ್ ಎಂದರೆ ಆ ಪರೀಕ್ಷೆ ಹುಡುಕಿದ ಕಾಯಿಲೆ ಸಿಗಲಿಲ್ಲ ಎಂದಷ್ಟೇ ಅರ್ಥ. ರೋಗಿ ಸುಳ್ಳು ಹೇಳುತ್ತಿದ್ದಾನೆ ಎಂದು ಅರ್ಥವಲ್ಲ.

ಈಗ ಆ ಅಖೀಖಾದ ದಿನಕ್ಕೆ ಬನ್ನಿ. ಒಂದು ದಿನ ದುಡಿದು ಮೂರು ದಿನ ಮಲಗಿದ್ದನ್ನು ನಾವು ನಾಟಕಕ್ಕೆ ಸಾಕ್ಷಿ ಎಂದುಕೊಂಡೆವು. ವೈದ್ಯರು ಹೇಳಿದರು: ಅದೇ ಈ ಕಾಯಿಲೆಯ ಗುರುತು. ಇದರಲ್ಲಿ ಅನೇಕರಿಗೆ ಶ್ರಮದ ನಂತರದ ಕುಸಿತ ಇರುತ್ತದೆ. ಕೆಲಸ ಮಾಡುವಾಗ ಮಾಡಿಬಿಡುತ್ತಾರೆ. ಹನ್ನೆರಡು ಗಂಟೆ, ಒಂದು ದಿನ, ಎರಡು ದಿನ ಕಳೆದ ಮೇಲೆ ದೇಹ ಕುಸಿಯುತ್ತದೆ. ಅದು ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಇರುತ್ತದೆ. ಮೈಗೆಲಸದಿಂದ ಮಾತ್ರವಲ್ಲ, ಹೆಚ್ಚು ಓದಿದರೆ, ಜಗಳವಾದರೆ, ದುಃಖಪಟ್ಟರೂ ಹೀಗಾಗಬಹುದು. ಎದ್ದು ನಡೆ, ಮೈ ಬಗ್ಗಿಸು ಎಂದು ಇಂಥವರನ್ನು ಒತ್ತಾಯಿಸಿದರೆ ಕಾಯಿಲೆ ಹೆಚ್ಚುತ್ತದೆ. ನಾನು ಕೊಟ್ಟ ಸಲಹೆ ಅದೇ ಆಗಿತ್ತು.

ಮನೆಯಲ್ಲಿ ಮಾಡಬೇಕಾದದ್ದು

ಇದನ್ನು ಒಂದೇ ಏಟಿಗೆ ವಾಸಿಮಾಡುವ ಮಾತ್ರೆ ಇಲ್ಲ. ಆದರೆ ಮಾಡುವಂಥದ್ದು ಏನೂ ಇಲ್ಲ ಎಂದುಕೊಳ್ಳಬೇಡಿ. ಬಹಳ ಜನ ತಿಂಗಳುಗಳಲ್ಲಿ ನಿಧಾನವಾಗಿ ಸುಧಾರಿಸುತ್ತಾರೆ. ಕೆಲವರಿಗೆ ವರ್ಷಗಳು ಬೇಕಾಗುತ್ತವೆ.

ಮೊದಲನೆಯದು, ಬೇರೆ ಕಾಯಿಲೆ ಅಲ್ಲವೆಂದು ನೋಡಿಕೊಳ್ಳಿ. ಎಲ್ಲ ಸುಸ್ತೂ ಕೋವಿಡಿನದಲ್ಲ. ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಹೆಚ್ಚು. ಸಕ್ಕರೆ, ಥೈರಾಯ್ಡ್, ಬಿ-12 ಕೊರತೆ, ಹೃದಯ ಮತ್ತು ಶ್ವಾಸಕೋಶದ ತೊಂದರೆಗಳನ್ನೂ ವೈದ್ಯರು ಪರೀಕ್ಷಿಸಬೇಕು. ಕೋವಿಡ್ ಸಮಯದಲ್ಲಿ ಸ್ಟೀರಾಯ್ಡ್ ತೆಗೆದುಕೊಂಡ ಕೆಲವರಿಗೆ ಸಕ್ಕರೆ ಏರಿದ್ದುಂಟು. ಎರಡು ವಾರ ಮೀರಿದ ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಿ. ಕ್ಷಯರೋಗದ ಪರೀಕ್ಷೆಯೂ ಔಷಧಿಯೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಆಸ್ಪತ್ರೆಗೆ ಹೋಗಲಾರದವರು ಸರ್ಕಾರದ ಇ-ಸಂಜೀವನಿ ಮೂಲಕ ಫೋನಿನಲ್ಲೇ ವೈದ್ಯರನ್ನು ಕಾಣಬಹುದು.

ಎರಡನೆಯದು, ಶಕ್ತಿಯನ್ನು ಲೆಕ್ಕವಿಟ್ಟು ಖರ್ಚು ಮಾಡುವುದು. ತಿಂಗಳ ಸಂಬಳವನ್ನು ಮೊದಲ ವಾರದಲ್ಲೇ ಮುಗಿಸಿದರೆ ಉಳಿದ ಮೂರು ವಾರ ಉಪವಾಸ. ಈ ರೋಗಿಯ ಶಕ್ತಿಯೂ ಹಾಗೆಯೇ. ಒಂದು ನೋಟ್ ಪುಸ್ತಕದಲ್ಲಿ ಎರಡು ವಾರ ಬರೆಯಿರಿ: ಇಂದು ಏನು ಮಾಡಿದೆ, ನಾಳೆ ನಾಡಿದ್ದು ಹೇಗಿದ್ದೆ. ಎಲ್ಲಿ ಮಿತಿ ಇದೆ ಎಂದು ಅದರಲ್ಲೇ ಗೊತ್ತಾಗುತ್ತದೆ. ಆ ಮಿತಿಗಿಂತ ಸ್ವಲ್ಪ ಕೆಳಗೇ ನಿಲ್ಲಿ. ದಣಿದ ಮೇಲೆ ಮಲಗುವುದಲ್ಲ, ದಣಿಯುವ ಮೊದಲೇ ವಿರಮಿಸಿ. ತರಕಾರಿ ಹೆಚ್ಚುವುದು, ರೊಟ್ಟಿ ಲಟ್ಟಿಸುವುದು, ಬಟ್ಟೆ ಮಡಿಸುವುದು ಕುಳಿತೇ ಆಗಲಿ. ಸ್ಟೂಲ್ ಮೇಲೆ ಕುಳಿತು ಸ್ನಾನ ಮಾಡಿ. ಬಟ್ಟೆ ಒಗೆಯುವ ದಿನ ನೆಲ ಒರೆಸುವುದು ಬೇಡ. ಇವತ್ತು ಮೈ ಹಗುರವಾಗಿದೆ ಎಂದು ವಾರದ ಕೆಲಸವನ್ನೆಲ್ಲ ಅಂದೇ ಮಾಡಬೇಡಿ. ಮತ್ತೆ ಬೀಳುವುದು ಆ ಒಳ್ಳೆಯ ದಿನದಿಂದಲೇ. ಕುಸಿತ ಇಲ್ಲದವರು ವೈದ್ಯರನ್ನೋ ಫಿಸಿಯೋಥೆರಪಿಯವರನ್ನೋ ಕೇಳಿ ನಿಧಾನವಾಗಿ ನಡಿಗೆ ಹೆಚ್ಚಿಸಬಹುದು.

ಈ ಮಾತು ನಮಗೆ ಹೊಸದೇ? ಅಲ್ಲ. ಬುಖಾರಿ, ಮುಸ್ಲಿಂ ಗ್ರಂಥಗಳಲ್ಲಿದೆ: ಪ್ರವಾದಿ(ಸ)ರು ಮಸೀದಿಗೆ ಬಂದಾಗ ಎರಡು ಕಂಬಗಳ ನಡುವೆ ಹಗ್ಗ ಕಟ್ಟಿರುವುದನ್ನು ಕಂಡರು. ಅದು ಝೈನಬ್(ರ)ರದು, ನಮಾಝಿನಲ್ಲಿ ದಣಿದಾಗ ಅದನ್ನು ಹಿಡಿದು ನಿಲ್ಲುತ್ತಾರೆ ಎಂದು ಜನರು ತಿಳಿಸಿದರು. ಪ್ರವಾದಿ(ಸ)ರು ಹಗ್ಗ ಬಿಚ್ಚಿಸಿದರು. ಚೈತನ್ಯ ಇರುವಷ್ಟು ಹೊತ್ತು ನಮಾಝ್ ಮಾಡಲಿ, ದಣಿದರೆ ಕುಳಿತುಕೊಳ್ಳಲಿ ಎಂದು ಕಲಿಸಿದರು. ಹಗ್ಗ ಹಿಡಿದಾದರೂ ನಿಲ್ಲಬೇಕು ಎಂಬ ಹಟವನ್ನು ಅವರು ಆರಾಧನೆಯಲ್ಲೇ ಮೆಚ್ಚಲಿಲ್ಲ. ಹಾಗಿರುವಾಗ ರೊಟ್ಟಿ ಬಡಿಯುವುದರಲ್ಲಿ, ಪಾತ್ರೆ ತೊಳೆಯುವುದರಲ್ಲಿ ಆ ಹಟವನ್ನು ರೋಗಿಯ ಮೇಲೆ ಹೇರುವ ಹಕ್ಕು ನಮಗೆಲ್ಲಿಂದ ಬಂತು? ದೇಹಕ್ಕೂ ನಿನ್ನ ಮೇಲೆ ಹಕ್ಕಿದೆ ಎಂಬುದು ನಮ್ಮ ದೀನಿನ ಪಾಠ.

ಮೂರನೆಯದು, ಉಸಿರು. ಏದುಸಿರು ಬಂದಾಗ ಗಾಬರಿಯಾಗದೆ ಕುಳಿತು, ಮುಂದಕ್ಕೆ ಬಾಗಿ, ಕೈಗಳನ್ನು ಮಂಡಿಯ ಮೇಲೋ ದಿಂಬಿನ ಮೇಲೋ ಊರಿ. ಮೂಗಿನಿಂದ ಎಳೆದುಕೊಂಡು, ದೀಪ ಊದುವಂತೆ ತುಟಿ ಸಣ್ಣಗೆ ಮಾಡಿ ನಿಧಾನವಾಗಿ ಬಿಡಿ. ಎದ್ದು ನಿಂತಾಗ ಎದೆ ಬಡಿದುಕೊಳ್ಳುವವರು ಹಾಸಿಗೆಯ ಅಂಚಿನಲ್ಲಿ ಸ್ವಲ್ಪ ಹೊತ್ತು ಕುಳಿತು ಆಮೇಲೆ ಏಳಿ, ನೀರು ಚೆನ್ನಾಗಿ ಕುಡಿಯಿರಿ, ಬಿಸಿಲು ಮತ್ತು ಬೆಂಕಿಯ ಝಳದಿಂದ ದೂರವಿರಿ. ಮಲಗಿದ್ದವರು ಎದ್ದು ನಿಂತ ಹತ್ತು ನಿಮಿಷದೊಳಗೆ ನಾಡಿಬಡಿತ ಮೂವತ್ತು ಅಥವಾ ಅದಕ್ಕಿಂತ ಹೆಚ್ಚು ಏರುತ್ತಿದ್ದರೆ ವೈದ್ಯರಿಗೆ ತಿಳಿಸಿ, ಅದಕ್ಕೆ ಚಿಕಿತ್ಸೆ ಇದೆ. ಉಪ್ಪು ಹೆಚ್ಚಿಸಬೇಕೇ ಎಂಬುದನ್ನು ವೈದ್ಯರೇ ಹೇಳಬೇಕು. ಬಿಪಿ ಇರುವವರಿಗೆ ಅದು ಅಪಾಯ.

ನಾಲ್ಕನೆಯದು, ಮರೆವು ಮತ್ತು ವಾಸನೆ. ಔಷಧಿಗೆ ಮೊಬೈಲಿನಲ್ಲಿ ಅಲಾರಂ ಇಡಿ, ಬರೆದಿಟ್ಟುಕೊಳ್ಳಿ, ಒಂದು ಹೊತ್ತಿಗೆ ಒಂದೇ ಕೆಲಸ. ವಾಸನೆ ಹೋದವರಿಗೆ ಒಂದು ಅಭ್ಯಾಸವಿದೆ: ಗುಲಾಬಿ, ನಿಂಬೆ, ಲವಂಗ, ನೀಲಗಿರಿ, ಈ ನಾಲ್ಕನ್ನು ದಿನಕ್ಕೆ ಎರಡು ಸಲ, ಒಂದೊಂದನ್ನೂ ಸುಮಾರು ಇಪ್ಪತ್ತು ಸೆಕೆಂಡ್ ಮನಸ್ಸಿಟ್ಟು ಮೂಸುವುದು. ತಿಂಗಳುಗಳ ಕಾಲ ಬಿಡದೆ ಮಾಡಬೇಕು. ವಾಸನೆ ಗೊತ್ತಾಗದವರ ಮನೆಯಲ್ಲಿ ಗ್ಯಾಸ್ ಸಿಲಿಂಡರನ್ನು ಬೇರೊಬ್ಬರು ರಾತ್ರಿ ಪರೀಕ್ಷಿಸಿ ಮಲಗಬೇಕು.

ಐದನೆಯದು, ಮಾಡಬಾರದ್ದು. ಶಕ್ತಿ ಬರಲೆಂದು ಗ್ಲೂಕೋಸ್ ಬಾಟಲಿ ಹಾಕಿಸಿಕೊಳ್ಳುತ್ತಾ ತಿರುಗಬೇಡಿ. ಹಳೆಯ ಚೀಟಿ ತೋರಿಸಿ ಸ್ಟೀರಾಯ್ಡ್, ಆಂಟಿಬಯೋಟಿಕ್ ತಂದು ನುಂಗಬೇಡಿ. ಯಾರೋ ಹೇಳಿದರೆಂದು ಸಕ್ಕರೆ, ಬಿಪಿ ಮಾತ್ರೆ ನಿಲ್ಲಿಸಬೇಡಿ. ಮಾಟ, ನಜರ್ ಎಂದು ದುಡ್ಡು ಕೀಳುವವರ ಬಳಿ ಹೋಗಬೇಡಿ. ರುಖ್ಯಾ ಓದಲು ಹಣ ಬೇಕಾಗಿಲ್ಲ, ನೀವೇ ಫಾತಿಹಾ ಓದಿಕೊಳ್ಳಿ.

ಕುಳಿತಿರುವಾಗಲೇ ಉಸಿರು ಕಟ್ಟಿದರೆ, ಎದೆನೋವು ಬಂದರೆ, ಮೂರ್ಛೆ ಹೋದರೆ, ಒಂದು ಕಡೆಯ ಕೈಕಾಲು ಸೋತರೆ, ಮಾತು ತೊದಲಿದರೆ, ಒಂದೇ ಕಾಲು ಊದಿಕೊಂಡು ನೋವಾದರೆ ಕಾಯಬೇಡಿ. 108ಕ್ಕೆ ಕರೆ ಮಾಡಿ, ಆಸ್ಪತ್ರೆಗೆ ಹೋಗಿ. ಬದುಕೇ ಬೇಡವೆನಿಸುವವರು ಅದನ್ನು ಮುಚ್ಚಿಡಬೇಡಿ. 14416 ಟೆಲಿ-ಮಾನಸ್ ಸಹಾಯವಾಣಿ, ಹಗಲೂ ರಾತ್ರಿಯೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ದೀರ್ಘ ಕಾಯಿಲೆ ಮನಸ್ಸನ್ನು ಕುಗ್ಗಿಸುತ್ತದೆ. ಅದು ಈಮಾನಿನ ಕೊರತೆಯಲ್ಲ.

ನಮಾಝ್ ಮತ್ತು ರೋಝಾ

ಇಂಥ ರೋಗಿಗಳು ನನ್ನ ಬಳಿ ಅಳುತ್ತಾ ಹೇಳುವ ಮಾತು: "ಹಜರತ್, ಮೊದಲಿನಂತೆ ಇಬಾದತ್ ಆಗುತ್ತಿಲ್ಲ, ಅಲ್ಲಾಹ್ ನನ್ನ ಮೇಲೆ ಮುನಿದಿದ್ದಾನೆಯೇ?" ಅವರಿಗೆ ಶುಭವಾರ್ತೆ ಇದೆ. ಅಬೂ ಮೂಸಾ(ರ) ವರದಿ ಮಾಡಿರುವ, ಬುಖಾರಿಯಲ್ಲಿರುವ ಹದೀಸಿನ ಪ್ರಕಾರ, ದಾಸನು ರೋಗಿಯಾದಾಗ ಆರೋಗ್ಯದಲ್ಲಿ ಮಾಡುತ್ತಿದ್ದ ಕರ್ಮಗಳ ಪುಣ್ಯವೇ ಅವನಿಗೆ ಬರೆಯಲ್ಪಡುತ್ತದೆ. ಹಾಸಿಗೆಯಲ್ಲಿ ಮಲಗಿ, ಹಿಂದೆ ಮಾಡುತ್ತಿದ್ದ ತಹಜ್ಜುದನ್ನು ನೆನೆದು ಅಳುವ ತಾಯಿಯ ಕಡತ ಮುಚ್ಚಿಲ್ಲ.

ಇಮ್ರಾನ್ ಬಿನ್ ಹುಸೈನ್(ರ)ರಿಗೆ ಮೂಲವ್ಯಾಧಿ ಇತ್ತು. ಅವರಿಗೆ ಪ್ರವಾದಿ(ಸ)ರು ನಿಂತು ನಮಾಝ್ ಮಾಡಲು, ಆಗದಿದ್ದರೆ ಕುಳಿತು, ಅದೂ ಆಗದಿದ್ದರೆ ಮಗ್ಗುಲಾಗಿ ಮಾಡಲು ಹೇಳಿದರು. ಮೂಲವ್ಯಾಧಿಯೂ ಹೊರಗೆ ಕಾಣುವ ಕಾಯಿಲೆಯಲ್ಲ, ನೆನಪಿಡಿ. ಪ್ರವಾದಿ(ಸ)ರು ಪುರಾವೆ ಕೇಳಲಿಲ್ಲ. ಆದ್ದರಿಂದ ಎಷ್ಟು ನಿಲ್ಲಲು ಸಾಧ್ಯವೋ ಅಷ್ಟು ನಿಂತು, ಉಳಿದುದನ್ನು ಕುಳಿತು ಮಾಡಿ. ವುಝೂಗೆ ಸ್ಟೂಲ್ ಇಟ್ಟುಕೊಳ್ಳಿ. ಒಂದೇ ವುಝೂವಿನಲ್ಲಿ ಎರಡು ನಮಾಝ್ ಮುಗಿಸುವ ಅಗತ್ಯ ಇರುವವರು ಝುಹರನ್ನು ಅದರ ಕೊನೆಯ ವೇಳೆಯಲ್ಲಿ, ಅಸರನ್ನು ಅದರ ಮೊದಲ ವೇಳೆಯಲ್ಲಿ ಮಾಡಬಹುದು. ರೋಗಿಗಳು ಎರಡನ್ನು ಒಂದೇ ವೇಳೆಗೆ ಜೋಡಿಸುವ ವಿಷಯದಲ್ಲಿ ಮಝ್‌ಹಬ್‌ಗಳ ನಡುವೆ ಭಿನ್ನಾಭಿಪ್ರಾಯವಿದೆ, ನಿಮ್ಮ ಆಲಿಮರನ್ನು ಕೇಳಿ. ಜುಮಾ ಕೂಡ ರೋಗಿಗೆ ಕಡ್ಡಾಯವಲ್ಲ.

ರಮಝಾನ್ ಬರುತ್ತಿದೆ. ಈಗಲೇ ವೈದ್ಯರನ್ನು ಕಂಡು ಉಪವಾಸ ಹಿಡಿಯಬಹುದೇ, ಔಷಧಿಯ ಸಮಯ ಬದಲಿಸಬಹುದೇ ಎಂದು ಕೇಳಿ. ನೀರಿಲ್ಲದಿದ್ದರೆ ತಲೆ ತಿರುಗುವವರು, ಸಕ್ಕರೆ ಕಾಯಿಲೆ ಸೇರಿಕೊಂಡವರು ಇದನ್ನು ಖಂಡಿತ ಮಾಡಬೇಕು. ಅಲ್ ಬಕರಃ ಅಧ್ಯಾಯದಲ್ಲಿ ಉಪವಾಸದ ಆದೇಶ ಕೊಟ್ಟಲ್ಲೇ ಅಲ್ಲಾಹನು ರೋಗಿಗೆ ಬೇರೆ ದಿನಗಳಲ್ಲಿ ಪೂರ್ತಿಗೊಳಿಸುವ ಅವಕಾಶ ಕೊಟ್ಟಿದ್ದಾನೆ, ತಾನು ಬಯಸುವುದು ನಿಮಗೆ ಸುಲಭವನ್ನೇ ಹೊರತು ಕಷ್ಟವನ್ನಲ್ಲ ಎಂದು ತಿಳಿಸಿದ್ದಾನೆ. ಖಝಾ ಉಪವಾಸಗಳನ್ನು ಒಂದೇ ಸಮನೆ ಹಿಡಿಯಬೇಕಿಲ್ಲ. ಹಗಲು ಚಿಕ್ಕದಿರುವ ಚಳಿಗಾಲದಲ್ಲಿ ವಾರಕ್ಕೊಂದರಂತೆ ತೀರಿಸಬಹುದು. ವಾಸಿಯಾಗುವ ನಿರೀಕ್ಷೆ ಇರುವವರಿಗೆ ಖಝಾ, ನಿರೀಕ್ಷೆಯೇ ಇಲ್ಲದವರಿಗೆ ಫಿದ್ಯ. ತಾನು ಯಾವ ಗುಂಪಿಗೆ ಸೇರುತ್ತೇನೆಂದು ವೈದ್ಯರನ್ನೂ ಆಲಿಮರನ್ನೂ ಕೇಳಿ ನಿರ್ಧರಿಸಬೇಕು.

ಮನೆಯವರೇ, ಜಮಾಅತಿನವರೇ

ಗಂಡಸರಿಗೆ ಒಂದು ಮಾತು. ರಮಝಾನಿನ ಸಂಜೆ ನಮಗೆ ಸಮೋಸ ಬೇಕು, ಶರಬತ್ತು ಬೇಕು, ಬಿರಿಯಾನಿ ಬೇಕು. ಉಪವಾಸವಿದ್ದುಕೊಂಡೇ ನಾಲ್ಕು ಗಂಟೆ ಒಲೆಯ ಮುಂದೆ ನಿಲ್ಲುವ ಹೆಂಗಸು ಆರೋಗ್ಯವಂತಳೇ ಎಂದು ಕೇಳಿದ್ದೇವೆಯೇ? ಪ್ರವಾದಿ(ಸ)ರು ಮನೆಯಲ್ಲಿ ಏನು ಮಾಡುತ್ತಿದ್ದರು ಎಂದು ಆಯಿಶಾ(ರ)ರನ್ನು ಕೇಳಿದಾಗ, ಮನೆಯವರ ಕೆಲಸದಲ್ಲಿ ನೆರವಾಗುತ್ತಿದ್ದರು, ನಮಾಝಿನ ಸಮಯವಾದಾಗ ಹೊರಡುತ್ತಿದ್ದರು ಎಂದು ಉತ್ತರಿಸಿದರು. ಖರ್ಜೂರ, ನೀರು, ಒಂದು ಗಂಜಿ ಇಫ್ತಾರಿಗೆ ಸಾಕು. ಪಾತ್ರೆ ತೊಳೆದರೆ ನಮ್ಮ ಗೌರವ ಕಡಿಮೆಯಾಗುವುದಿಲ್ಲ.

ಅತ್ತೆಯಂದಿರಿಗೆ, ತಾಯಂದಿರಿಗೆ ಹೇಳಿ: ಅಯ್ಯೂಬ್(ಅ)ರು ದೀರ್ಘಕಾಲ ರೋಗದಿಂದ ಬಳಲಿದರು. ತಮಗೆ ಸಂಕಟ ಬಂದಿದೆ ಎಂದು ಅಲ್ಲಾಹನ ಮುಂದೆ ಬಾಯಿಬಿಟ್ಟು ಹೇಳಿಕೊಂಡರು. ಆದರೂ ಅಲ್ಲಾಹನು ಅವರನ್ನು ಸಹನಶೀಲರೆಂದೇ ಕರೆದನು. ನೋವನ್ನು ಹೇಳಿಕೊಂಡವರಿಗೆಲ್ಲ ಸಬರ್ ಇಲ್ಲ ಎನ್ನಬೇಡಿ. ಸಬರ್ ಎಂಬ ಪದವನ್ನು ರೋಗಿಯ ಬಾಯಿ ಮುಚ್ಚಿಸಲು ಬಳಸಬೇಡಿ. ನಾನು ಬಳಸಿದೆ, ಅದಕ್ಕೆ ಅಲ್ಲಾಹನಲ್ಲಿ ಕ್ಷಮೆ ಬೇಡಿದ್ದೇನೆ, ಆ ಹೆಣ್ಣುಮಗಳ ಮನೆಗೆ ಹೋಗಿ ಆಕೆಯ ಅಣ್ಣನ ಎದುರು ಆಕೆಯಲ್ಲೂ ಕ್ಷಮೆ ಕೇಳಿದ್ದೇನೆ.

ಮಸೀದಿಯ ಕಡೆಯಿಂದಲೂ ಕೆಲವು ಬದಲಾವಣೆ ಆಗಿವೆ. ಹಿಂದಿನ ಸಫ್‌ನಲ್ಲಿ ಕುರ್ಚಿಗಳನ್ನು ಹೆಚ್ಚಿಸಿದ್ದೇವೆ. ಅದರಲ್ಲಿ ಕುಳಿತ ಯುವಕನನ್ನು "ಈ ವಯಸ್ಸಿಗೇ ಕುರ್ಚಿಯಾ?" ಎಂದು ಯಾರೂ ಹಂಗಿಸಬಾರದು. ಜನರಲ್ಲಿ ದುರ್ಬಲರು, ರೋಗಿಗಳು, ವೃದ್ಧರು ಇರುತ್ತಾರೆ, ಆದ್ದರಿಂದ ಇಮಾಮನು ನಮಾಝನ್ನು ಹಗುರಗೊಳಿಸಲಿ ಎಂಬುದು ಪ್ರವಾದಿ(ಸ)ರ ಆದೇಶ. ನನ್ನ ಕಿರಾಅತ್ ಉದ್ದವಾಗುತ್ತಿತ್ತು, ಅದನ್ನು ಕಡಿಮೆ ಮಾಡಿದ್ದೇನೆ. ಬಡ ರೋಗಿಗಳ ಪರೀಕ್ಷೆ, ಔಷಧಿಗೆ ಬೈತುಲ್‌ಮಾಲ್‌ನಿಂದ ನೆರವು ಕೊಡಲು ಕಮಿಟಿ ಒಪ್ಪಿದೆ. ಕೇಳಲು ಸಂಕೋಚಪಡಬೇಡಿ.

ದುಡಿಸಿಕೊಳ್ಳುವವರಿಗೂ ಹೊಣೆಯಿದೆ. ನಮ್ಮಲ್ಲಿ ಒಬ್ಬ ಸಹೋದರರು ಮಂಡಕ್ಕಿ ಭಟ್ಟಿಯಲ್ಲಿ ಕೆಲಸಕ್ಕಿದ್ದರು. ಕೋವಿಡ್ ನಂತರ ಭಟ್ಟಿಯ ಝಳದಲ್ಲಿ, ಹೊಗೆಯಲ್ಲಿ ಅರ್ಧ ಗಂಟೆ ನಿಲ್ಲಲಾಗಲಿಲ್ಲ. ಮಾಲೀಕರೂ ನಮ್ಮವರೇ. ಅವರನ್ನು ಬಿಡಿಸಿ ಕಳುಹಿಸದೆ, ಕುಳಿತು ಜರಡಿ ಹಿಡಿಯುವ, ಚೀಲ ತುಂಬುವ ಕೆಲಸ ಕೊಟ್ಟರು. ಕೂಲಿ ಮೊದಲಿನಷ್ಟಿಲ್ಲ, ಆದರೆ ಮನೆಯ ಒಲೆ ಉರಿಯುತ್ತಿದೆ. ಆ ಮಾಲೀಕರಿಗೆ ಅಲ್ಲಾಹನು ಬರ್ಕತ್ ಕೊಡಲಿ.

ರೋಗಿಯ ಭೇಟಿಯನ್ನೂ ಮರೆಯಬೇಡಿ. ನಾನು ರೋಗಿಯಾಗಿದ್ದೆ, ನೀನು ಏಕೆ ನೋಡಲು ಬರಲಿಲ್ಲ ಎಂದು ಪುನರುತ್ಥಾನದ ದಿನ ಅಲ್ಲಾಹನು ಮನುಷ್ಯನನ್ನು ಕೇಳುವನು ಎಂದು ಮುಸ್ಲಿಂ ಗ್ರಂಥದ ಹದೀಸೊಂದು ಎಚ್ಚರಿಸುತ್ತದೆ. ಜ್ವರ ಬಂದ ಮೊದಲ ವಾರ ಎಲ್ಲರೂ ಹೋಗುತ್ತೇವೆ. ಮೂರನೇ ವರ್ಷ ಯಾರು ಹೋಗುತ್ತಾರೆ? ಹೋದರೆ ಹತ್ತು ನಿಮಿಷ ಕುಳಿತು ಬನ್ನಿ, ಹೆಚ್ಚು ಮಾತು ಅವರನ್ನು ದಣಿಸುತ್ತದೆ. ಕೈಯಲ್ಲಿ ಒಂದು ಡಬ್ಬಿ ಅಡುಗೆ ಇದ್ದರೆ ಇನ್ನೂ ಒಳ್ಳೆಯದು.

ಆ ಮನೆಯ ವಿಷಯ ಹೇಳಿ ಮುಗಿಸುತ್ತೇನೆ. ವೈದ್ಯರು ಗಂಡನನ್ನೂ ಅತ್ತೆಯನ್ನೂ ಕರೆಸಿ ಕೂರಿಸಿ ವಿವರಿಸಿದರು. ರಕ್ತಹೀನತೆಗೆ, ಎದೆಬಡಿತಕ್ಕೆ ಔಷಧಿ ಕೊಟ್ಟರು. ಆಕೆ ಗಂಡನ ಮನೆಗೆ ಮರಳಿದ್ದಾಳೆ. ಪೂರ್ತಿ ವಾಸಿಯಾಗಿಲ್ಲ. ಬೆಳಗಿನ ಅಡುಗೆ ಕುಳಿತು ಮಾಡುತ್ತಾಳೆ, ಮಧ್ಯಾಹ್ನ ಕಡ್ಡಾಯವಾಗಿ ಮಲಗುತ್ತಾಳೆ, ಬಟ್ಟೆ ಗಂಡ ಒಗೆಯುತ್ತಾನೆ. ಹಾಸಿಗೆ ಹಿಡಿಯುವ ದಿನಗಳು ಮೊದಲಿಗಿಂತ ಕಡಿಮೆಯಾಗಿವೆ. ಹೋದ ತಿಂಗಳು ಅತ್ತೆಯೇ ನನಗೆ ಹೇಳಿ ಕಳುಹಿಸಿದರು: "ಹಜರತ್‌ಗೆ ಹೇಳಿ, ನಮ್ಮ ಮನೆಯ ಕಥೆ ಖುತ್ಬಾದಲ್ಲಿ ಹೇಳಲಿ. ಇನ್ನೊಂದು ಮನೆಯ ಸೊಸೆಗೆ ಹೀಗಾಗಬಾರದು." ಅದಕ್ಕಾಗಿಯೇ ಇಂದು ಹೇಳಿದೆ.

ಯಾ ಅಲ್ಲಾಹ್, ನಮ್ಮ ರೋಗಿಗಳಿಗೆ ಸಂಪೂರ್ಣ ಶಿಫಾ ಕರುಣಿಸು. ಅವರ ಸೇವೆ ಮಾಡುವವರಿಗೆ ಬಲ ಕೊಡು. ಅವರ ಮಾತನ್ನು ನಂಬುವ ಹೃದಯ ನಮಗೆ ಕೊಡು. ತಿಳಿಯದೆ ನಾವು ಆಡಿದ ಕಠಿಣ ಮಾತುಗಳನ್ನು ಕ್ಷಮಿಸು. ನಮ್ಮೆಲ್ಲರನ್ನೂ ಆಫಿಯತ್ತಿನಲ್ಲಿ ರಮಝಾನಿಗೆ ತಲುಪಿಸು. ಆಮೀನ್.